ಧಾರೆ ಎರೆದ ಕೊಡುಗೆ, ದಾರ ಕಟ್ಟಿದ ಕೊಡುಗೆ

ನಾನು ಪಾಠ ಹೇಳುವ ಎಂಜಿನಿಯರಿಂಗ್ ಕಾಲೇಜಿನ ಎರಡನೆಯ ಮಹಡಿಯಲ್ಲಿ ಗಾಜಿನ ಬಾಗಿಲಿನ ಒಂದು ಪ್ರಯೋಗಾಲಯವಿದೆ. ಬಾಗಿಲ ಪಕ್ಕದ ಗೋಡೆಯಲ್ಲಿ ಕರಿ ಗ್ರಾನೈಟಿನ ಫಲಕ. ಅದರಲ್ಲಿ ಒಂದು ದೊಡ್ಡ ಕಂಪನಿಯ ಹೆಸರು, ಉದ್ಘಾಟಿಸಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು. ಉದ್ಘಾಟನೆಯ ದಿನ ಬಂದವರಿಗೆಲ್ಲ ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸತ್ಕರಿಸಿದ್ದೆವು. ಒಳಗಿನ ಇಪ್ಪತ್ತು ಕಂಪ್ಯೂಟರುಗಳಲ್ಲಿ ಯಂತ್ರಭಾಗಗಳನ್ನು ವಿನ್ಯಾಸ ಮಾಡುವ ಬೆಲೆಬಾಳುವ ಸಾಫ್ಟ್‌ವೇರ್ ಇತ್ತು. ಮೂರು ವರ್ಷ ಹುಡುಗರು ಚೆನ್ನಾಗಿಯೇ ಕಲಿತರು. ನಾಲ್ಕನೆಯ ವರ್ಷದ ಜೂನಿನಲ್ಲಿ ಲೈಸೆನ್ಸಿನ ಅವಧಿ ಮುಗಿಯಿತು. ಅದನ್ನು ಮುಂದುವರಿಸಲು ಬೇಕಾದ ಮೊತ್ತ ನಮ್ಮ ವಿಭಾಗದ ವರ್ಷದ ಇಡೀ ಅನುದಾನಕ್ಕಿಂತ ಹೆಚ್ಚಾಗಿತ್ತು. ಕಂಪನಿಗೆ ಪತ್ರ ಬರೆದರೆ, ಆ ಯೋಜನೆ ತಮ್ಮ ಲೆಕ್ಕದಲ್ಲಿ ಮುಕ್ತಾಯಗೊಂಡಿದೆ ಎಂಬ ವಿನಯಪೂರ್ವಕ ಉತ್ತರ ಬಂತು. ಈಗ ಆ ಕೋಣೆಗೆ ಬೀಗ ಬಿದ್ದಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುವ ಮುಂಚಿನ ವಾರ ಮಾತ್ರ ಬೀಗ ತೆಗೆದು, ದೂಳು ಹೊಡೆದು, ಫಲಕಕ್ಕೆ ಒಂದು ಮಾಲೆ ಹಾಕುತ್ತೇವೆ.

ಇದನ್ನು ಆ ಕಂಪನಿಯನ್ನು ಹಳಿಯಲು ಬರೆಯುತ್ತಿಲ್ಲ. ಅವರು ಬರೆದುಕೊಟ್ಟ ಕಾಗದದಲ್ಲಿ ಮೂರು ವರ್ಷ ಎಂದೇ ಇತ್ತು, ಮಾತಿಗೆ ತಪ್ಪಲಿಲ್ಲ. ಉದ್ಯಮಗಳೊಂದಿಗಿನ ಸಂಬಂಧವನ್ನು ನೋಡಿಕೊಳ್ಳುವ ಕಾಲೇಜಿನ ಸಮಿತಿಯಲ್ಲಿ ಕೆಲವು ವರ್ಷ ಇದ್ದವನಾದ್ದರಿಂದ, ಆ ಕಾಗದವನ್ನು ಸರಿಯಾಗಿ ಓದದ ತಪ್ಪಿನಲ್ಲಿ ನನ್ನ ಪಾಲೂ ಇದೆ. ಆದರೆ ಆ ಬೀಗವನ್ನು ನೋಡಿದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಕೊಟ್ಟದ್ದು ಎಂದು ನಾವು ಕರೆಯುವುದು ನಿಜಕ್ಕೂ ಕೊಟ್ಟದ್ದೇ, ಅಥವಾ ಕೆಲಕಾಲ ನಮ್ಮ ಕೋಣೆಯಲ್ಲಿ ಇಟ್ಟು ಹೋದದ್ದೇ?

ನಮ್ಮ ಭಾಷೆಯಲ್ಲಿ ಇದಕ್ಕೆ ಹಳೆಯದೊಂದು ಮಾತಿದೆ: ಧಾರೆ ಎರೆದು ಕೊಡುವುದು. ಕೈಯ ಮೇಲೆ ನೀರು ಹರಿದ ಮೇಲೆ ವಸ್ತು ಕೊಟ್ಟವನದಲ್ಲ. ಶಾಸನಗಳಲ್ಲಿ ‘ಧಾರಾಪೂರ್ವಕಂ ಮಾಡಿ ಕೊಟ್ಟ’ ದತ್ತಿಗಳ ವಿವರ ಎಷ್ಟು ಬೇಕಾದರೂ ಸಿಗುತ್ತದೆ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಎಂದರೆ ಉನ್ನತ ಪಾಠಶಾಲೆ, ಇತ್ತು. 1058ರ ಶಾಸನದಲ್ಲಿ ಅದರ ಏರ್ಪಾಡು ದಾಖಲಾಗಿದೆ. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವವರು, ಅವರ ಜೊತೆಗೆ ಸರಸ್ವತೀ ಭಂಡಾರಿಗರು, ಎಂದರೆ ಪುಸ್ತಕ ಭಂಡಾರವನ್ನು ನೋಡಿಕೊಳ್ಳುವವರು, ಆರು ಜನ. ಇವರೆಲ್ಲರ ಜೀವನೋಪಾಯಕ್ಕೆ ಭೂಮಿ. ದಂಡನಾಯಕ ಮಧುಸೂದನ ಕಟ್ಟಡ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಪುಸ್ತಕ ಕಾಯುವವನ ಅನ್ನಕ್ಕೂ ದಾರಿ ಮಾಡಿದ. ಆ ಪಾಠಶಾಲೆಯ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ, ಹಳೆಯದನ್ನೆಲ್ಲ ಹೊಗಳುವ ಉದ್ದೇಶವೂ ನನಗಿಲ್ಲ. ಆದರೆ ದತ್ತಿ ಎಂದರೆ ಏನು ಎಂಬುದರ ಬಗ್ಗೆ ಆ ಜನಕ್ಕೆ ಗೊಂದಲವಿರಲಿಲ್ಲ. ದಾನಶಾಸನಗಳ ಕೊನೆಗೆ ಬರುವ ಶಾಪದ ಸಾಲುಗಳು ಎಲ್ಲರಿಗೂ ಗೊತ್ತು. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ಅವುಗಳ ಜೊತೆಯಲ್ಲೇ ಹಲವೆಡೆ ಕಾಣುವ ಇನ್ನೊಂದು ಶ್ಲೋಕ ಅಷ್ಟು ಪ್ರಸಿದ್ಧವಲ್ಲ: ‘ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋಽನುಪಾಲನಂ’. ಕೊಡುವುದು ಮತ್ತು ಕೊಟ್ಟದ್ದನ್ನು ಕಾಪಾಡುವುದು ಇವೆರಡರ ನಡುವೆ ಕಾಪಾಡುವುದೇ ಮೇಲು ಎಂದು ಅದರ ಅರ್ಥ. ನಮ್ಮ ಪ್ರಯೋಗಾಲಯಕ್ಕೆ ದಾನಿಗಳಿದ್ದರು, ಪಾಲಕರಿರಲಿಲ್ಲ.

ಆಧುನಿಕ ಕಾಲದಲ್ಲಿ ಉದ್ಯಮಿಯೊಬ್ಬ ವಿದ್ಯಾಸಂಸ್ಥೆಗೆ ಧಾರೆ ಎರೆದು ಕೊಟ್ಟ ಉದಾಹರಣೆಯನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಬಸ್ಸು ಹತ್ತಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದರೆ ಕಂಡಕ್ಟರು ಮರುಮಾತಿಲ್ಲದೆ ಚೀಟಿ ಹರಿದು ಕೊಡುತ್ತಾರೆ. ಸಂಸ್ಥೆಯ ನಿಜವಾದ ಹೆಸರಿನಲ್ಲಿ ಟಾಟಾ ಎಂಬ ಪದವೇ ಇಲ್ಲ. ತನ್ನ ಹೆಸರು ಅದಕ್ಕೆ ಅಂಟಿಕೊಳ್ಳಬಾರದೆಂಬುದು ಜಮ್‌ಶೆಟ್‌ಜಿ ಟಾಟಾ ಅವರ ಇಚ್ಛೆಯಾಗಿತ್ತು. ಅದು ಭಾರತೀಯ ವಿಜ್ಞಾನ ಸಂಸ್ಥೆ ಎಂದೇ ಸ್ಥಾಪಿತವಾಯಿತು. ಕೊಟ್ಟವರು ಬೇಡವೆಂದ ಹೆಸರನ್ನು ಊರೇ ಇಟ್ಟುಕೊಂಡಿತು.

1893ರಲ್ಲಿ ಹಡಗಿನಲ್ಲಿ ಟಾಟಾ ಮತ್ತು ವಿವೇಕಾನಂದರು ಭೇಟಿಯಾದ ಕತೆಯನ್ನು ಪ್ರತಿ ಸಮಾರಂಭದಲ್ಲಿಯೂ ಯಾರಾದರೊಬ್ಬರು ಹೇಳಿಯೇ ಹೇಳುವುದರಿಂದ ನಾನು ಅದನ್ನು ಬಿಡುತ್ತೇನೆ. ನನಗೆ ಹೆಚ್ಚು ಆಸಕ್ತಿಯಿರುವುದು ಹಣದ ಸ್ವರೂಪದಲ್ಲಿ. ಟಾಟಾ ಮುಂಬೈಯಲ್ಲಿದ್ದ ತಮ್ಮ ಆಸ್ತಿಗಳನ್ನೇ, ಆ ಕಾಲದಲ್ಲಿ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಕಟ್ಟಡ ಮತ್ತು ಭೂಮಿಯನ್ನು, ಈ ಕೆಲಸಕ್ಕೆಂದು ಎತ್ತಿಟ್ಟರು. ಅವುಗಳಿಂದ ಬರುವ ಬಾಡಿಗೆ ಸಂಸ್ಥೆಯನ್ನು ವರ್ಷ ವರ್ಷವೂ ನಡೆಸಬೇಕೆಂಬುದು ಲೆಕ್ಕಾಚಾರ. 1898ರ ಡಿಸೆಂಬರ್ ಕೊನೆಯಲ್ಲಿ ಹೊಸ ವೈಸರಾಯ್ ಲಾರ್ಡ್ ಕರ್ಜನ್ ಮುಂಬೈಗೆ ಬಂದಿಳಿಯುತ್ತಿದ್ದಂತೆಯೇ ಈ ಯೋಜನೆಯ ಕರಡನ್ನು ನಿಯೋಗವೊಂದು ಅವರ ಮುಂದಿಟ್ಟಿತು. ಓದಲು ವಿದ್ಯಾರ್ಥಿಗಳು ಸಿಗುತ್ತಾರೆಯೇ, ಓದಿದವರಿಗೆ ಕೆಲಸ ಸಿಗುತ್ತದೆಯೇ ಎಂಬುದು ಕರ್ಜನ್ ಅವರ ಅನುಮಾನ. ಅನುಮಾನ ಸಮಿತಿಗಳಾಗಿ, ಸಮಿತಿಗಳು ವರದಿಗಳಾಗಿ ವರ್ಷಗಳು ಸರಿದವು. ರಸಾಯನಶಾಸ್ತ್ರಜ್ಞ ವಿಲಿಯಂ ರ್‍ಯಾಮ್ಸೆ ದೇಶ ಸುತ್ತಿ ನೋಡಿ ಬೆಂಗಳೂರೇ ತಕ್ಕ ಜಾಗವೆಂದರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು, ಕಟ್ಟಡಗಳಿಗೆಂದು 5 ಲಕ್ಷ ರೂಪಾಯಿ ಕೊಟ್ಟಿತು, ಅದರ ಮೇಲೆ ವಾರ್ಷಿಕ ಅನುದಾನವನ್ನೂ ಒಪ್ಪಿಕೊಂಡಿತು. ಜಮ್‌ಶೆಟ್‌ಜಿ 1904ರಲ್ಲಿ ತೀರಿಕೊಂಡರು. ಸಂಸ್ಥೆ ಹುಟ್ಟಿದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಒಳಗೆ ಕಾಲಿಟ್ಟದ್ದು 1911ರಲ್ಲಿ. ಕೊಟ್ಟವರು ಕಣ್ಣಾರೆ ಒಂದು ಇಟ್ಟಿಗೆಯನ್ನೂ ನೋಡಲಿಲ್ಲ. ಅವರ ಮಕ್ಕಳು ತಂದೆಯ ಮಾತನ್ನು ಉಳಿಸಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಇದು ಪಠ್ಯಪುಸ್ತಕದ ಪಾಠದಂತಾಗುತ್ತದೆ. ಮುಂದಿನದು ಅಷ್ಟು ಸೊಗಸಾಗಿಲ್ಲ. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಅವರಿಗೂ ಟಾಟಾ ಕಡೆಯವರಿಗೂ ಸಂಸ್ಥೆ ಹೇಗಿರಬೇಕು, ಯಾರ ಮಾತು ನಡೆಯಬೇಕು ಎಂಬುದರಲ್ಲಿ ಕೂಡಿಬರಲೇ ಇಲ್ಲ; 1914ರಲ್ಲಿ ಟ್ರಾವರ್ಸ್ ಹುದ್ದೆ ಬಿಟ್ಟು ಹೊರಟರು. ಧಾರೆ ಎರೆದ ಮೇಲೂ ಕೊಟ್ಟವರ ಮನೆಯವರಿಗೆ ಅಭಿಪ್ರಾಯಗಳಿರುತ್ತವೆ ಎಂಬುದನ್ನು ಇದು ನೆನಪಿಸುತ್ತದೆ. ವ್ಯತ್ಯಾಸವೆಂದರೆ, ಜಗಳ ನಡೆಯುತ್ತಿದ್ದಾಗಲೂ ಮುಂಬೈಯ ಕಟ್ಟಡಗಳ ಬಾಡಿಗೆ ಯಾರ ಮರ್ಜಿಗೂ ಕಾಯದೆ ಸಂಸ್ಥೆಗೆ ಬರುತ್ತಿತ್ತು. ನಮ್ಮಲ್ಲಿ ಜಗಳವೇ ಆಗದೆ ಎಲ್ಲವೂ ನಿಂತುಹೋಯಿತು.

ಉದ್ಯಮ ಮತ್ತು ವಿದ್ಯಾಸಂಸ್ಥೆಯ ಸಹಯೋಗ ಎಂದೊಡನೆ ಎಲ್ಲರೂ ಅಮೆರಿಕದ ಕಡೆ ಕೈ ತೋರಿಸುತ್ತಾರೆ. ಆದರೆ ಆ ಸಹಯೋಗದ ಅತಿ ಸರಳವಾದ ಉದಾಹರಣೆ ನಮ್ಮ ಬಚ್ಚಲುಮನೆಯ ಸೋಪಿನ ಪೆಟ್ಟಿಗೆಯಲ್ಲಿದೆ. ಮೊದಲ ಮಹಾಯುದ್ಧದ ಮುಂಚೆ ಮೈಸೂರಿನ ಗಂಧದ ಕೊರಡುಗಳು ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಕೊರಡುಗಳು ಉಗ್ರಾಣಗಳಲ್ಲಿ ರಾಶಿ ಬಿದ್ದವು. ಆಗ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಗಂಧದೆಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಇಲ್ಲಿಯೇ ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಎಣ್ಣೆಯ ಕಾರ್ಖಾನೆಗಳು ಆರಂಭವಾದವು, 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಬಂತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಇಬ್ಬರನ್ನು ಸಂಸ್ಥೆಗೆ ನೇಮಿಸಿದ್ದು ಗಂಧದೆಣ್ಣೆಗಾಗಿ ಅಲ್ಲ. ಯಾವ ಒಡಂಬಡಿಕೆಯಲ್ಲಿಯೂ ಆ ಪದ ಇರಲಿಲ್ಲ. ಅವರು ಅಲ್ಲಿದ್ದರು, ಅವರಿಗೆ ಸಂಬಳವಿತ್ತು, ಪ್ರಯೋಗಾಲಯವಿತ್ತು. ಕಷ್ಟ ಬಂದ ದಿನ ನಾಡು ಅವರ ಬಾಗಿಲು ತಟ್ಟಿತು. ಬಟ್ಟಿಯ ಹಂಡೆ ಕೊಡಿಸಲು ಯಾರಾದರೂ ಮುಂದೆ ಬಂದಿರಬಹುದು, ಆದರೆ ಹಂಡೆಯ ಮುಂದೆ ನಿಲ್ಲಬಲ್ಲ ಮನುಷ್ಯರನ್ನು ಮುಂಚಿನಿಂದಲೇ ಸಾಕಿಟ್ಟಿರಬೇಕು.

ಈಗಿನ ಕಾನೂನಿಗೆ ಬರುತ್ತೇನೆ. 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂದು, ದಾನವನ್ನು ಒಂದು ಬಗೆಯ ಕರ್ತವ್ಯವನ್ನಾಗಿ ಮಾಡಿತು. 500 ಕೋಟಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ವ್ಯಯಿಸಬೇಕು. 2019ರಲ್ಲಿ, ಈ ಹಣವನ್ನು ಯಾವ ಕೆಲಸಗಳಿಗೆ ಬಳಸಬಹುದೆಂಬ ಪಟ್ಟಿಯನ್ನು ಹಿಗ್ಗಿಸಿ, ಸರ್ಕಾರದ ಹಣದಿಂದ ನಡೆಯುವ ವಿಶ್ವವಿದ್ಯಾಲಯಗಳ ಮತ್ತು ಐಐಟಿಗಳ ಸಂಶೋಧನೆಗೂ ಈ ಹಣ ಹರಿಯಲು ದಾರಿ ಮಾಡಲಾಯಿತು. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು.

ಆದರೆ ಹಣಕ್ಕೆ ಮಾರ್ಚ್ 31 ಎಂಬ ಗಡಿ ಬಂತು. ಜನವರಿ ದಾಟಿದ ಮೇಲೆ ನಮ್ಮ ಸಮಿತಿಯ ಫೋನಿಗೆ ಬರುವ ಕರೆಗಳ ಧಾಟಿಯೇ ಬದಲಾಗುವುದನ್ನು ನಾನು ಕಂಡಿದ್ದೇನೆ. ‘ಸರ್, ತಕ್ಷಣ ಕೊಳ್ಳುವಂಥದ್ದು ಏನಾದರೂ ಇದೆಯೇ?’ ಎನ್ನುತ್ತಾರೆ. ತಕ್ಷಣ ಕೊಳ್ಳುವಂಥದ್ದು ಯಾವಾಗಲೂ ಒಂದು ಪೆಟ್ಟಿಗೆಯೇ ಆಗಿರುತ್ತದೆ: ಕಂಪ್ಯೂಟರು, ಪ್ರೊಜೆಕ್ಟರು, ನೀರು ಶುದ್ಧ ಮಾಡುವ ಯಂತ್ರ. ಪೆಟ್ಟಿಗೆಯ ಚಿತ್ರ ತೆಗೆಯಬಹುದು, ಬಿಲ್ಲು ಕೊಡಬಹುದು, ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಬಹುದು. ನಮಗೆ ಬೇಕಾದದ್ದು ಪ್ರಯೋಗಾಲಯವನ್ನು ನಡೆಸುವ ಒಬ್ಬ ಇನ್‌ಸ್ಟ್ರಕ್ಟರ್; ಅವರನ್ನು ಮಾರ್ಚ್ ತಿಂಗಳಲ್ಲಿ ಕೊಳ್ಳಲಾಗುವುದಿಲ್ಲ. 2021ರಲ್ಲಿ ನಿಯಮಗಳನ್ನು ತಿದ್ದಿ, ನಡೆಯುತ್ತಿರುವ ಯೋಜನೆಗಳ ಖರ್ಚಾಗದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮೂರು ವರ್ಷದೊಳಗೆ ಬಳಸಲು ಅವಕಾಶ ಕೊಟ್ಟರು. ನಮ್ಮ ಪ್ರಯೋಗಾಲಯದ ಮೂರು ವರ್ಷವೂ, ಈ ಮೂರು ವರ್ಷವೂ ಒಂದೇ ಅಳತೆಗೋಲಿನಿಂದ ಬಂದಂತೆ ನನಗೆ ತೋರುತ್ತದೆ.

ಅದೇ ತಿದ್ದುಪಡಿಯ ಹೊತ್ತಿಗೆ ಇನ್ನೊಂದು ಬಾಗಿಲೂ ಮುಚ್ಚಿತು, ಇದರ ಬಗ್ಗೆ ಹೆಚ್ಚು ಚರ್ಚೆಯಾಗಲಿಲ್ಲ. ಯಾವುದೇ ಸಂಸ್ಥೆಯ ಮೂಲನಿಧಿಗೆ ಕೊಟ್ಟ ಹಣವನ್ನು ಸಿಎಸ್‌ಆರ್ ವೆಚ್ಚವೆಂದು ತೋರಿಸುವಂತಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ ಸ್ಪಷ್ಟಪಡಿಸಿತು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ: ಕಂಪನಿಗಳು ತಮ್ಮದೇ ಟ್ರಸ್ಟುಗಳ ಮೂಲನಿಧಿಗೆ ಹಣ ಸುರಿದು, ಖರ್ಚಾಯಿತೆಂದು ಬರೆದು, ಹಣವನ್ನು ಅಲ್ಲಿಯೇ ಮಲಗಿಸಬಹುದಿತ್ತು. ಕಳ್ಳನನ್ನು ತಡೆಯಲು ಹಾಕಿದ ಬೇಲಿ ಇದು, ಬೇಕಾದ ಬೇಲಿಯೇ. ಆದರೆ ಬೇಲಿಯ ಆಚೆ ಸಿಕ್ಕಿಕೊಂಡದ್ದು ದತ್ತಿಯ ಕಲ್ಪನೆ. ಅಸಲನ್ನು ಮುಟ್ಟದೆ ಬಡ್ಡಿಯಿಂದ, ಬಾಡಿಗೆಯಿಂದ, ಹುಟ್ಟುವಳಿಯಿಂದ ಕೆಲಸ ನಡೆಸುವ ಪದ್ಧತಿ ನಾಗಾವಿಯದು, ಟಾಟಾ ಅವರದು. ಅದಕ್ಕೆ ಈ ಶೇ. 2ರ ಹಣದಲ್ಲಿ ಈಗ ಜಾಗವಿಲ್ಲ. ಜಮ್‌ಶೆಟ್‌ಜಿ ಇಂದು ಕಂಪನಿಯ ಲೆಕ್ಕದಲ್ಲಿ ತಮ್ಮ ಯೋಜನೆಯನ್ನು ತಂದಿದ್ದರೆ, ಲೆಕ್ಕಪರಿಶೋಧಕರು ಅದನ್ನು ವಿನಯಪೂರ್ವಕವಾಗಿಯೇ ಹಿಂದಿರುಗಿಸುತ್ತಿದ್ದರು.

ಹಾಗಾಗಿ ಇಂದು ದೀರ್ಘಕಾಲದ ಕೊಡುಗೆಗಳು ಎದ್ದು ಕಾಣುವುದು ಕಂಪನಿಗಳಿಂದಲ್ಲ, ಕಂಪನಿ ಕಟ್ಟಿದ ವ್ಯಕ್ತಿಗಳಿಂದ. ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ದಂಪತಿ 2014ರಲ್ಲಿ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರಕ್ಕಾಗಿ 225 ಕೋಟಿ ರೂಪಾಯಿ ಘೋಷಿಸಿದರು. ಆ ಕೇಂದ್ರದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ ಸುಮಾರು 10,000 ಜನರನ್ನು ಸೇರಿಸಿಕೊಂಡು, ವಯಸ್ಸಾದಂತೆ ಅವರ ನೆನಪು ಮತ್ತು ಬುದ್ಧಿ ಹೇಗೆ ಬದಲಾಗುತ್ತವೆ ಎಂದು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಕೆಲಸ ಅದು. ಮಾವಿನ ತೋಪಿನ ಕೆಲಸ ಬಿಟ್ಟು ಬಂದು ಪರೀಕ್ಷೆಗೆ ಕೂರುವ ರೈತನ ಮರೆವು ಮಾರ್ಚ್ 31ಕ್ಕೆ ಮುಗಿಯುವುದಿಲ್ಲ. ಅವನು ಮುದುಕನಾಗುವವರೆಗೆ ಕಾಯುವ ಹಣವೇ ಬೇಕು. 2022ರಲ್ಲಿ ಮೈಂಡ್‌ಟ್ರೀ ಸ್ಥಾಪಕರಲ್ಲಿ ಸೇರಿದ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಅದೇ ಆವರಣದಲ್ಲಿ 800 ಹಾಸಿಗೆಗಳ ಆಸ್ಪತ್ರೆಗೆಂದು 425 ಕೋಟಿ ರೂಪಾಯಿ ಕೊಡಲು ಒಪ್ಪಿದರು. ಮರುವರ್ಷ ನಂದನ್ ನಿಲೇಕಣಿ ತಾವು ಓದಿದ ಐಐಟಿ ಬಾಂಬೆಗೆ 315 ಕೋಟಿ ಕೊಟ್ಟರು. ಇವುಗಳಲ್ಲಿ ಕೆಲವಕ್ಕೆ ಹೆಸರುಗಳು ಅಂಟಿವೆ, ಅದಕ್ಕೆ ನನ್ನ ತಕರಾರಿಲ್ಲ. ಬೆಳಗಾವಿಯ ಲಿಂಗರಾಜ ಕಾಲೇಜಿಗೂ ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜಿಗೂ ದಾನಿಗಳ ಹೆಸರನ್ನೇ ಇಟ್ಟರು; ಅಲ್ಲಿ ಓದಿದ ತಲೆಮಾರುಗಳು ಆ ಹೆಸರುಗಳನ್ನು ಊರಿನ ಹೆಸರಿನಷ್ಟೇ ಸಹಜವಾಗಿ ಹೇಳುತ್ತವೆ. ಹೆಸರು ಕೇಳುವ ದಾನಿಗಿಂತ ಸಂಸ್ಥೆಯ ತೀರ್ಮಾನಗಳಲ್ಲಿ ಮತ ಕೇಳುವ ದಾನಿಯ ಬಗ್ಗೆ ನನಗೆ ಹೆಚ್ಚು ಹೆದರಿಕೆ. ನನ್ನ ತಕರಾರು ಇನ್ನೊಂದಿದೆ: ಈ ದೊಡ್ಡ ಮೊತ್ತಗಳೆಲ್ಲ ಈಗಾಗಲೇ ಎತ್ತರದಲ್ಲಿರುವ ಸಂಸ್ಥೆಗಳ ಕಡೆಗೇ ಹೋಗುತ್ತವೆ. ನಾಡಿನ ಬಹುಪಾಲು ವಿದ್ಯಾರ್ಥಿಗಳು ಓದುವ ಜಿಲ್ಲಾ ಕೇಂದ್ರಗಳ ವಿಶ್ವವಿದ್ಯಾಲಯಗಳಲ್ಲಿ ಅತಿಥಿ ಉಪನ್ಯಾಸಕರ ಸಂಬಳವೇ ತಿಂಗಳುಗಟ್ಟಲೆ ತಡವಾಗುವುದುಂಟು, ಅಲ್ಲಿಗೆ ಯಾರೂ ಫಲಕ ಹಿಡಿದು ಬರುವುದಿಲ್ಲ.

ಮತ ಕೇಳುವ ದಾನಿ ಎಂದೆನಲ್ಲ, ಅದಕ್ಕೆ ಒಂದು ಪ್ರಸಿದ್ಧ ಪ್ರಕರಣವಿದೆ. 1998ರಲ್ಲಿ ಸ್ವಿಟ್ಜರ್‌ಲೆಂಡಿನ ನೊವಾರ್ಟಿಸ್ ಕಂಪನಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಸ್ಯ ಮತ್ತು ಸೂಕ್ಷ್ಮಜೀವಿ ವಿಭಾಗದೊಂದಿಗೆ ಐದು ವರ್ಷಕ್ಕೆ 2.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಪ್ರತಿಯಾಗಿ ವಿಭಾಗದ ಆವಿಷ್ಕಾರಗಳಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ಪರವಾನಗಿಯ ಮಾತುಕತೆಯನ್ನು ಎಲ್ಲರಿಗಿಂತ ಮೊದಲು ನಡೆಸುವ ಹಕ್ಕು, ಮತ್ತು ಹಣ ಹಂಚುವ ಐವರ ಸಮಿತಿಯಲ್ಲಿ ಎರಡು ಸ್ಥಾನ ಕಂಪನಿಗೆ. ಕ್ಯಾಂಪಸ್ಸಿನಲ್ಲಿ ದೊಡ್ಡ ಗಲಾಟೆಯೇ ಆಯಿತು. 2003ರಲ್ಲಿ ಅವಧಿ ಮುಗಿದಾಗ ಒಪ್ಪಂದ ಮುಂದುವರಿಯಲಿಲ್ಲ. ಹೊರಗಿನ ತಂಡವೊಂದು ಪರಿಶೀಲಿಸಿ, ಹೆದರಿದಷ್ಟು ಅನಾಹುತವೂ ಆಗಿಲ್ಲ, ಆಶಿಸಿದಷ್ಟು ಲಾಭವೂ ಆಗಿಲ್ಲ ಎಂಬಂಥ ವರದಿ ಕೊಟ್ಟಿತು. ಜೊತೆಗೆ ಇಡೀ ವಿಭಾಗವನ್ನೇ ಒಂದು ಕಂಪನಿಗೆ ಕಟ್ಟುವ ಒಪ್ಪಂದಗಳನ್ನು ಮಾಡಿಕೊಳ್ಳಬೇಡಿ ಎಂದಿತು. ಗಲಾಟೆ ಮಾಡಿದವರ ಮೇಲೆ ನನಗೆ ಸ್ವಲ್ಪ ಅಸೂಯೆಯಿದೆ. ಅವರಿಗೆ ಒಪ್ಪಂದದ ಷರತ್ತುಗಳನ್ನು ಓದಿ ಜಗಳವಾಡುವಷ್ಟು ಅಧ್ಯಾಪಕರ ಬಲವಿತ್ತು. ನಮ್ಮಲ್ಲಿ ಒಪ್ಪಂದಗಳನ್ನು ಯಾರೂ ಓದುವುದಿಲ್ಲ, ಎಣಿಸುತ್ತೇವೆ.

ಎಣಿಸುವುದು ಎಂದದ್ದು ವ್ಯಂಗ್ಯವಲ್ಲ. ನ್ಯಾಕ್ ಮೌಲ್ಯಮಾಪನದಲ್ಲಿ ಕಾಲೇಜಿಗೆ ಎಷ್ಟು ಎಂಒಯುಗಳು, ಎಂದರೆ ಒಡಂಬಡಿಕೆ ಪತ್ರಗಳು, ಇವೆ ಎಂಬುದಕ್ಕೆ ಅಂಕವಿದೆ. ಅಂಕವಿದ್ದಲ್ಲಿ ಬೇಸಾಯವೂ ಇರುತ್ತದೆ. ನನ್ನ ಅವಧಿಯಲ್ಲಿ ನಮ್ಮ ಕಾಲೇಜು ಇಪ್ಪತ್ತಮೂರು ಎಂಒಯುಗಳಿಗೆ ಸಹಿ ಹಾಕಿತ್ತು. ಅವುಗಳಲ್ಲಿ ಹನ್ನೊಂದರ ವಿಷಯದಲ್ಲಿ, ಸಹಿಯ ದಿನ ತೆಗೆದ ಚಿತ್ರದ ಹೊರತು ಕಡತದಲ್ಲಿ ಬೇರೆ ಏನೂ ಇರಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಪೀಣ್ಯದಲ್ಲಿ ಸಣ್ಣದೊಂದು ಮೆಷಿನ್ ಶಾಪ್ ನಡೆಸುತ್ತಾನೆ, ಹದಿನೆಂಟು ಜನ ಕೆಲಸಗಾರರು, ಕಾಯ್ದೆಯ ಶೇ. 2ರ ಲೆಕ್ಕ ಅವನ ಹತ್ತಿರವೂ ಸುಳಿಯುವುದಿಲ್ಲ. ಎರಡನೆಯ ಮಹಡಿಯ ಬೀಗವನ್ನೂ, ಕೆಳಗಿನ ಹಳೆಯ ವರ್ಕ್‌ಶಾಪಿನಲ್ಲಿ ತುಕ್ಕು ಹಿಡಿಯುತ್ತಿದ್ದ ಲೇತ್‌ಗಳನ್ನೂ ನೋಡಿದ. ಹೊಸದೇನನ್ನೂ ಕೊಡಿಸುವುದಿಲ್ಲ ಸಾರ್, ಇವನ್ನು ನೋಡಿಕೊಳ್ಳಲು ಒಬ್ಬ ಇನ್‌ಸ್ಟ್ರಕ್ಟರನ್ನು ಇಟ್ಟುಕೊಳ್ಳಿ, ಸಂಬಳ ನಾನು ಕಳಿಸುತ್ತೇನೆ, ನನ್ನ ಅಂಗಡಿ ನಡೆಯುವವರೆಗೂ ಎಂದ. ತಿಂಗಳ ಐದನೆಯ ತಾರೀಖಿಗೆ ಹಣ ಬರತೊಡಗಿತು. ಹೆಸರಿನ ಬೋರ್ಡು ಎಲ್ಲಿ ಹಾಕಿಸೋಣವೆಂದು ಪ್ರಾಂಶುಪಾಲರು ಕೇಳಿದರು, ಬೇಡವೆಂದ. ಇನ್‌ಸ್ಟ್ರಕ್ಟರ್ ಆಗಿ ಬಂದವರು ಐಟಿಐ ಓದಿ, ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಬೆಳಗ್ಗೆ ಎಂಟಕ್ಕೇ ಬಂದು ಎಣ್ಣೆ ಹಾಕುತ್ತಾರೆ, ಹುಡುಗರು ಚಪ್ಪಲಿ ಹಾಕಿಕೊಂಡು ಬಂದರೆ ಹೊರಗೆ ನಿಲ್ಲಿಸುತ್ತಾರೆ.

ಈ ವರ್ಷ ನ್ಯಾಕ್‌ಗೆ ಕಡತ ಸಿದ್ಧ ಮಾಡುವಾಗ ತೊಡಕು ಬಂತು. ಈ ನೆರವನ್ನು ಯಾವ ಕಲಮಿನಲ್ಲಿ ತೋರಿಸುವುದು? ಒಡಂಬಡಿಕೆಯಿಲ್ಲ, ಉದ್ಘಾಟನೆಯ ಚಿತ್ರವಿಲ್ಲ, ಕೊನೆಯ ದಿನಾಂಕವೂ ಇಲ್ಲ. ಕೊನೆಗೆ ನಾನೇ ಅವನಿಗೆ ಫೋನು ಮಾಡಿ, ತಪ್ಪು ತಿಳಿಯಬೇಡಪ್ಪ, ನಮ್ಮ ಅನುಕೂಲಕ್ಕಾಗಿ ಒಂದು ಎಂಒಯುಗೆ ಸಹಿ ಹಾಕಬೇಕು ಎಂದೆ. ನಕ್ಕು, ಕಳಿಸಿ ಸಾರ್ ಎಂದ. ಎಂದಿನ ನಮೂನೆಯನ್ನೇ ತುಂಬಿಸಿ ಕಳಿಸಿದೆ. ಅವಧಿಯ ಕಲಮನ್ನು ಖಾಲಿ ಬಿಡುವಂತಿಲ್ಲವೆಂದು ಕಚೇರಿಯವರು ಹಟ ಹಿಡಿದದ್ದರಿಂದ ಅಲ್ಲಿ ಮೂರು ವರ್ಷ ಎಂದು ಬರೆದಿದ್ದೆವು. ಸಹಿಯಾಗಿ ತಿರುಗಿ ಬಂದ ಪ್ರತಿಯಲ್ಲಿ ಆ ಅಂಕಿಯನ್ನು ಅವನು ಪೆನ್ನಿನಿಂದ ಹೊಡೆದುಹಾಕಿದ್ದಾನೆ. ಆ ಪ್ರತಿ ಈಗ ಇಪ್ಪತ್ತನಾಲ್ಕನೆಯದಾಗಿ ಕಡತದಲ್ಲಿದೆ. ತಿದ್ದಿದ ಪ್ರತಿ ನಡೆಯುವುದಿಲ್ಲ, ಹೊಸದನ್ನು ತರಿಸಿ ಎಂದು ಕಚೇರಿಯಿಂದ ಚೀಟಿ ಬಂದಿದೆ.